‘ಟ್ರೆಸ್‌ಪಾಸ್’ಗೆ ‘ಅತಿಕ್ರಮ ಪ್ರವೇಶ’ ಸಾಕೇ? ಬೇಟೆಗಾರನ ಕಾಲು, ನಾಯಿ ಮತ್ತು ಗುಂಡು

ಗೆಳೆಯರೇ, ನಮಸ್ಕಾರ.

ಬೇಟೆಗಾರರು ಮತ್ತು ಖಾಸಗಿ ಜಮೀನಿನ ಕಾನೂನು ಕುರಿತ ಒಂದು ಇಂಗ್ಲಿಷ್ ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ‘ಟ್ರೆಸ್‌ಪಾಸ್’ (ಸುಮಾರಾಗಿ ಹೇಳುವುದಾದರೆ, ಇನ್ನೊಬ್ಬರ ಜಮೀನಿಗೆ ಅನುಮತಿ ಇಲ್ಲದೆ ಕಾಲಿಡುವುದು) ಅನ್ನೋ ಪದ ಪುಟಪುಟಕ್ಕೂ ಬರುತ್ತದೆ. ಮೊದಲು ಜಾಸ್ತಿ ಯೋಚಿಸದೆ ‘ಅತಿಕ್ರಮ ಪ್ರವೇಶ’ ಎಂದು ಬರೆದುಕೊಂಡು ಹೋದೆ. ಕೆಲವು ಪುಟ ಆದಮೇಲೆ ಒಂದು ವಾಕ್ಯದ ಹತ್ತಿರ ನಿಂತುಬಿಟ್ಟೆ. ‘ಬೇಟೆನಾಯಿ ಪಕ್ಕದ ಜಮೀನಿನೊಳಗೆ ಅತಿಕ್ರಮ ಪ್ರವೇಶ ಮಾಡಿತು’ ಎಂದು ಬರೆದಿದ್ದೆ. ಓದಿದರೆ ಕಿವಿಗೆ ಒಗ್ಗಲಿಲ್ಲ. ಮುಂದಿನ ಸಾಲಿನಲ್ಲಿ ಗುಂಡು ಬೇರೆ ಇತ್ತು. ಗುಂಡು ‘ಪ್ರವೇಶ ಮಾಡುತ್ತದೆ’ ಅನ್ನಲು ಆಗುತ್ತಾ? ಅಲ್ಲಿಂದ ಶುರುವಾದ ಹುಡುಕಾಟ ಇದು. ನನಗೆ ಹೊಳೆದದ್ದನ್ನು ನಿಮ್ಮ ಮುಂದೆ ಇಡುತ್ತೇನೆ. ತಪ್ಪಿದ್ದರೆ ತಿದ್ದಿ.

ಮೊದಲು ಈಗ ಬಳಕೆಯಲ್ಲಿರುವ ಪದಗಳನ್ನು ನೋಡೋಣ. ‘ಒತ್ತುವರಿ’ ಎಲ್ಲರಿಗೂ ಗೊತ್ತು. ಇನ್ನೊಬ್ಬರ ನೆಲವನ್ನು ಸ್ವಲ್ಪಸ್ವಲ್ಪವೇ ತನ್ನದಾಗಿ ಮಾಡಿಕೊಳ್ಳುವುದು ಅದು. ‘ಅತಿಕ್ರಮಣ’ವನ್ನೂ ಪತ್ರಿಕೆಗಳು ಹೆಚ್ಚಾಗಿ ಇದೇ ಅರ್ಥದಲ್ಲಿ ಬರೆಯುತ್ತವೆ. ಕೆರೆ ಅತಿಕ್ರಮಣ, ರಸ್ತೆ ಅತಿಕ್ರಮಣ ಅಂದರೆ ಜಾಗ ಕಬಳಿಸಿದ್ದಾರೆ ಅಂತಲೇ ನಾವು ಓದುತ್ತೇವೆ. ಬೇಟೆಗಾರನಿಗೆ ನೆಲ ಬೇಕಾಗಿಲ್ಲ. ಒಂದು ಮೊಲದ ಬೆನ್ನು ಹತ್ತಿ ಒಳಗೆ ಹೋಗುತ್ತಾನೆ, ಅರ್ಧ ಗಂಟೆಯಲ್ಲಿ ಹೊರಗೆ ಬರುತ್ತಾನೆ. ಹಾಗಾಗಿ ಬರೀ ‘ಅತಿಕ್ರಮಣ’ ಎಂದರೆ ಓದುಗರು ತಪ್ಪು ತಿಳಿಯುತ್ತಾರೆ.

‘ಅತಿಕ್ರಮ ಪ್ರವೇಶ’ದಲ್ಲಿ ಆ ತೊಂದರೆ ಇಲ್ಲ. ಆದರೆ ಅದನ್ನು ಕೇಳಿದ ಕೂಡಲೇ ನಮಗೆ ಪೊಲೀಸು, ಕೇಸು ನೆನಪಾಗುತ್ತವೆ. ಅದಕ್ಕೆ ಕಾರಣವೂ ಇದೆ. ನಮ್ಮಲ್ಲಿ ಆ ಮಾತು ಬೇರೂರಿದ್ದು ದಂಡ ಸಂಹಿತೆಯ ಮೂಲಕ. ಹಳೆಯ ಭಾರತೀಯ ದಂಡ ಸಂಹಿತೆಯ 441ನೇ ಸೆಕ್ಷನ್, ಈಗಿನ ಭಾರತೀಯ ನ್ಯಾಯ ಸಂಹಿತೆಯ 329ನೇ ಸೆಕ್ಷನ್ ಎರಡರಲ್ಲೂ ಅದು ಅಪರಾಧ ಆಗಬೇಕಾದರೆ ಒಂದು ಕೆಟ್ಟ ಉದ್ದೇಶ ಇರಬೇಕು. ಅಪರಾಧ ಎಸಗುವುದು, ಜಮೀನು ಸ್ವಾಧೀನದಲ್ಲಿ ಇಟ್ಟುಕೊಂಡವರನ್ನು ಬೆದರಿಸುವುದು, ಅವಮಾನ ಮಾಡುವುದು, ಕಿರುಕುಳ ಕೊಡುವುದು, ಇಂಥವು.

ಇಂಗ್ಲೆಂಡಿನ ಸಿವಿಲ್ ಕಾನೂನಿನ ಟ್ರೆಸ್‌ಪಾಸ್ ಹಾಗಲ್ಲ. ಅಲ್ಲಿ ಕೆಟ್ಟ ಉದ್ದೇಶ ಬೇಕಿಲ್ಲ. ತನ್ನದೇ ಜಮೀನು ಅಂದುಕೊಂಡು ಕಾಲಿಟ್ಟರೂ ಟ್ರೆಸ್‌ಪಾಸೇ. ಒಂದು ಹುಲ್ಲುಕಡ್ಡಿ ಮುರಿಯದಿದ್ದರೂ ಟ್ರೆಸ್‌ಪಾಸೇ. ಹಾನಿ ಏನೂ ಆಗದಿದ್ದರೆ ಕೋರ್ಟು ಹೆಸರಿಗೆ ಮಾತ್ರ ಒಂದಿಷ್ಟು ಪರಿಹಾರ ಕೊಡಿಸಬಹುದು. ಮತ್ತೆಮತ್ತೆ ಬರುತ್ತಿದ್ದರೆ ತಡೆಯಾಜ್ಞೆ ಕೊಡಬಹುದು. ಇಷ್ಟು ಹಗುರವಾದ ತಪ್ಪಿಗೆ ‘ಅತಿಕ್ರಮ ಪ್ರವೇಶ’ ಅನ್ನೋ ಗಡಸು ಮಾತು ಹಾಕಿದರೆ ದಾರಿ ತಪ್ಪಿ ಬಂದವನೂ ಕಳ್ಳನಂತೆ ಕಾಣುತ್ತಾನೆ.

ಇಲ್ಲಿ ಒಂದು ಬೋರ್ಡಿನ ವಿಷಯ ಹೇಳಲೇಬೇಕು. ‘ಟ್ರೆಸ್‌ಪಾಸರ್ಸ್ ವಿಲ್ ಬಿ ಪ್ರಾಸಿಕ್ಯೂಟೆಡ್’ ಎಂಬ ಸಾಲನ್ನು ನೀವೆಲ್ಲ ನೋಡಿರುತ್ತೀರಿ. ಅದನ್ನು ‘ಅತಿಕ್ರಮ ಪ್ರವೇಶ ಮಾಡಿದವರನ್ನು ಶಿಕ್ಷಿಸಲಾಗುವುದು’ ಎಂದು ಅನುವಾದಿಸುವುದುಂಟು. ಅದು ಸರಿಯಲ್ಲ. ಪ್ರಾಸಿಕ್ಯೂಟ್ ಅಂದರೆ ಮೊಕದ್ದಮೆ ಹೂಡುವುದು. ಶಿಕ್ಷೆ ಕೊಡುವುದು ನ್ಯಾಯಾಧೀಶರ ಕೆಲಸ, ಜಮೀನಿನ ಮಾಲೀಕರದ್ದಲ್ಲ. ‘ಮೊಕದ್ದಮೆ ಹೂಡಲಾಗುವುದು’ ಎಂದರೆ ಸಾಕು. ಇನ್ನು ಇಂಗ್ಲಿಷ್ ಮೂಲದಲ್ಲೇ ಒಂದು ತೊಡಕಿದೆ. ಸುಮ್ನೆ ಕಾಲಿಟ್ಟವನ ಮೇಲೆ ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಸಿವಿಲ್ ದಾವೆ ಹೂಡಬಹುದೇ ಹೊರತು ಕ್ರಿಮಿನಲ್ ಮೊಕದ್ದಮೆ ಆಗುವುದಿಲ್ಲ. ಬೋರ್ಡು ಹೆದರಿಸುವಷ್ಟನ್ನು ಕಾನೂನು ಹೇಳುವುದಿಲ್ಲ.

ಆದರೆ ಒಳಗೆ ಬಂದವನು ಬೇಟೆಗಾರನಾದರೆ ಕಥೆ ಬದಲಾಗುತ್ತದೆ. ಅಲ್ಲಿನ 1831ರ ಗೇಮ್ ಆಕ್ಟ್, 30ನೇ ಸೆಕ್ಷನ್: ಹಗಲು ಹೊತ್ತಿನಲ್ಲಿ ಬೇಟೆಯ ಪ್ರಾಣಿ ಪಕ್ಷಿಗಳನ್ನು ಹುಡುಕಿಕೊಂಡೋ ಅಟ್ಟಿಸಿಕೊಂಡೋ ಇನ್ನೊಬ್ಬರ ಜಮೀನಿಗೆ ಹೋದರೆ ಅದು ಅಪರಾಧ. ಐದು ಅಥವಾ ಹೆಚ್ಚು ಜನ ಗುಂಪಾಗಿ ಹೋದರೆ ತಪ್ಪು ಇನ್ನೂ ದೊಡ್ಡದು ಎಂದು ಆ ಸೆಕ್ಷನ್ನೇ ಬೇರೆಯಾಗಿ ಎಣಿಸುತ್ತದೆ. ಅಂಥವರಿಗೆ ‘ಹೊರಗೆ ಹೋಗು, ಹೆಸರು ವಿಳಾಸ ಹೇಳು’ ಎಂದು ಕೇಳುವ ಅಧಿಕಾರ 31ನೇ ಸೆಕ್ಷನ್‌ನಲ್ಲಿದೆ. ರಾತ್ರಿಯ ಬೇಟೆಗೆ ಅದಕ್ಕೂ ಹಳೆಯ 1828ರ ನೈಟ್ ಪೋಚಿಂಗ್ ಆಕ್ಟ್ ಇದೆ. ಮೊದಲು ಹಗಲಿನ ತಪ್ಪಿಗೆ ದಂಡ ಮಾತ್ರ ಇತ್ತು. 2022ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕಾನೂನು ಬಿಗಿಯಾಯಿತು. ಈಗ 6 ತಿಂಗಳವರೆಗೆ ಜೈಲು, ಮಿತಿಯಿಲ್ಲದ ದಂಡ ಹಾಕಬಹುದು. ಕೈಯಲ್ಲಿ ಕೋವಿ ಇದ್ದರೆ 1968ರ ಫೈರ್‌ಆರ್ಮ್ಸ್ ಆಕ್ಟ್ ಪ್ರಕಾರ ಅದೂ ಬೇರೆ ಅಪರಾಧ. ನೋಡಿ, ಜಮೀನು ಒಂದೇ, ಹೆಜ್ಜೆಯೂ ಒಂದೇ. ನಡೆದಾಡಲು ಬಂದವನಿಗೆ ಸಿವಿಲ್ ತಪ್ಪು, ಬೇಟೆಗೆ ಬಂದವನಿಗೆ ಕ್ರಿಮಿನಲ್ ಅಪರಾಧ. ನಮ್ಮ ಪದ ಎರಡಕ್ಕೂ ಹೊಂದಬೇಕು.

ಇದರ ಬೆನ್ನಿಗೇ ಬರುವ ಪದ ‘ಪೋಚಿಂಗ್’. ನಾವು ಅದನ್ನು ‘ಕಳ್ಳಬೇಟೆ’ ಅನ್ನುತ್ತೇವೆ. ನಮ್ಮ ಕಾನೂನಿಗೆ ಅದು ಚೆನ್ನಾಗಿ ಹೊಂದುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಪಾಡುವುದು ಪ್ರಾಣಿಯನ್ನು. ಅದು ಯಾರ ಜಮೀನಿನಲ್ಲಿ ನಿಂತಿತ್ತು ಅನ್ನೋದು ಮುಖ್ಯವಲ್ಲ. ಸ್ವಂತ ತೋಟದಲ್ಲಿ ಕೊಂದರೂ ಕಳ್ಳಬೇಟೆಯೇ. ಇಂಗ್ಲಿಷಿನ ಹಳೆಯ ಪೋಚಿಂಗ್ ಇದಕ್ಕೆ ತಿರುಗುಮುರುಗು. ಅಲ್ಲಿ ಕಾಡುಪ್ರಾಣಿ ಯಾರ ಆಸ್ತಿಯೂ ಅಲ್ಲ. ಇದು ರೋಮನ್ನರ ಕಾಲದಿಂದ ಬಂದ ಯೋಚನೆ. ಜಸ್ಟಿನಿಯನ್ ದೊರೆಯ ಕಾಲದ, ಅಂದರೆ 533ರ ಕಾನೂನು ಪುಸ್ತಕದಲ್ಲೇ ಇದೆ: ಕಾಡುಪ್ರಾಣಿ ಹಿಡಿದವನದ್ದು, ಇನ್ನೊಬ್ಬನ ಜಮೀನಿನಲ್ಲಿ ಹಿಡಿದರೂ ಸರಿ. ಆದರೆ ಒಳಗೆ ಬರಬೇಡ ಎಂದು ತಡೆಯುವ ಹಕ್ಕು ಜಮೀನಿನವನಿಗಿದೆ. ಇಂಗ್ಲೆಂಡಿನ 1968ರ ಥೆಫ್ಟ್ ಆಕ್ಟ್ ಕೂಡ ಇದನ್ನೇ ಹಿಡಿದಿದೆ. ಸ್ವಚ್ಛಂದವಾಗಿ ಓಡಾಡುವ ಕಾಡುಪ್ರಾಣಿಯನ್ನು, ಅದು ಇನ್ನೂ ಯಾರ ಕೈಗೂ ಸಿಕ್ಕಿಲ್ಲದಿದ್ದರೆ, ‘ಕದಿಯಲು’ ಬರುವುದಿಲ್ಲ. ಹಾಗಾದರೆ ಪೋಚರ್‌ನ ತಪ್ಪೇನು? ಇನ್ನೊಬ್ಬರ ಜಮೀನಿನಲ್ಲಿ ಬೇಟೆಗೆ ಇಳಿದದ್ದು. ಅಲ್ಲಿ ಕಳವು ಇಲ್ಲ, ಹೆಜ್ಜೆ ಇದೆ. ಅದನ್ನು ‘ಕಳ್ಳಬೇಟೆ’ ಅಂದರೆ ‘ಕಳ್ಳ’ ಅನ್ನೋ ಪದವೇ ಅರ್ಥವನ್ನು ಕೆಡಿಸುತ್ತದೆ. ಇಂಥ ಕಡೆ ‘ಪರರ ನೆಲದ ಬೇಟೆ’ ಎಂದು ಬಿಡಿಸಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಯಿತು, ಆದರೆ ಅರ್ಥ ಕೆಡಲಿಲ್ಲ.

ಈಗ ಮುಖ್ಯ ಪ್ರಶ್ನೆಗೆ ಬರುತ್ತೇನೆ. ‘ಪ್ರವೇಶ’ ಅನ್ನೋ ಪದ ನನಗೆ ಯಾಕೆ ಸಾಲುತ್ತಿಲ್ಲ?

ನಾಯಿಯನ್ನೇ ತೆಗೆದುಕೊಳ್ಳಿ. 1985ರಲ್ಲಿ ಇಂಗ್ಲೆಂಡಿನ ಒಂದು ಮೊಕದ್ದಮೆ ತೀರ್ಪಾಯಿತು. ಬೇಟೆ ವಿರೋಧಿಸುವ ಲೀಗ್ ಎಗೇನ್‌ಸ್ಟ್ ಕ್ರುಯಲ್ ಸ್ಪೋರ್ಟ್ಸ್ ಎಂಬ ಸಂಸ್ಥೆ ಜಿಂಕೆಗಳಿಗೆಂದು ಅಲ್ಲಲ್ಲಿ ಜಮೀನು ಕೊಂಡಿತ್ತು. ಜಿಂಕೆ ಬೇಟೆಯ ನಾಯಿಗಳು ಅದರೊಳಗೆ ನುಗ್ಗುತ್ತಿದ್ದವು. ಮನುಷ್ಯ ಕಾಲಿಡದಿದ್ದರೂ, ನಾಯಿಗಳು ಹೋಗಲಿ ಎಂದು ಅವನು ಬಯಸಿದ್ದರೆ, ಇಲ್ಲವೇ ತಡೆಯಬೇಕಾದ ಎಚ್ಚರ ವಹಿಸದಿದ್ದರೆ, ಅದು ಆ ಬೇಟೆಯ ಮುಖ್ಯಸ್ಥನದೇ ಟ್ರೆಸ್‌ಪಾಸ್ ಎಂದು ಕೋರ್ಟು ಹೇಳಿತು. ಅಮೆರಿಕದ ವರ್ಜೀನಿಯಾದಲ್ಲಿ ಇದಕ್ಕೆ ಬೇರೆಯದೇ ದಾರಿ. ಬೇಟೆನಾಯಿ ಪಕ್ಕದ ಜಮೀನಿಗೆ ಹೋದರೆ ಬೇಟೆಗಾರ ಕರೆತರಲು ಹೋಗಬಹುದು. ಆದರೆ ಕೋವಿ, ಬಿಲ್ಲು ಒಯ್ಯುವಂತಿಲ್ಲ. ಈ ಎರಡೂ ಕಡೆ ‘ನಾಯಿ ಪ್ರವೇಶಿಸಿತು’ ಎಂದು ಬರೆದರೆ ಸಭೆಗೆ ಬಂದ ಅತಿಥಿಯ ಹಾಗೆ ಕೇಳಿಸುತ್ತದೆ, ಅಲ್ವಾ?

ಇನ್ನೊಂದು ಉದಾಹರಣೆ ಇನ್ನೂ ಸೊಗಸಾಗಿದೆ. ಅಮೆರಿಕದ ವಯೋಮಿಂಗ್‌ನಲ್ಲಿ ಸರ್ಕಾರಿ ನೆಲ ಮತ್ತು ಖಾಸಗಿ ನೆಲ ಚದುರಂಗದ ಮನೆಗಳ ಹಾಗೆ ಒಂದು ಬಿಟ್ಟು ಒಂದು ಇರುವ ಜಾಗಗಳಿವೆ. ಎರಡು ಸರ್ಕಾರಿ ಮನೆಗಳು ಮೂಲೆಯಲ್ಲಿ ಮಾತ್ರ ಮುಟ್ಟುತ್ತವೆ. 2021ರಲ್ಲಿ ನಾಲ್ವರು ಬೇಟೆಗಾರರು ಆ ಮೂಲೆಯ ಮೇಲೆ ಏಣಿ ಇಟ್ಟು ಒಂದು ಸರ್ಕಾರಿ ನೆಲದಿಂದ ಇನ್ನೊಂದಕ್ಕೆ ಇಳಿದರು. ಖಾಸಗಿ ನೆಲಕ್ಕೆ ಕಾಲು ತಾಗಲಿಲ್ಲ. ಆದರೂ ‘ನನ್ನ ನೆಲದ ಮೇಲಿನ ಗಾಳಿಯಲ್ಲಿ ಹಾದುಹೋದರು, ಅದು ಟ್ರೆಸ್‌ಪಾಸ್’ ಎಂಬುದು ಮಾಲೀಕರ ವಾದ. 2022ರಲ್ಲಿ ಜ್ಯೂರಿ ಆ ನಾಲ್ವರನ್ನು ಕ್ರಿಮಿನಲ್ ಆರೋಪದಿಂದ ಬಿಟ್ಟಿತು. ಸಿವಿಲ್ ದಾವೆ ಮೇಲಿನ ಕೋರ್ಟಿಗೆ ಹೋಯಿತು. 2025ರ ಮಾರ್ಚ್‌ನಲ್ಲಿ ಫೆಡರಲ್ ಮೇಲ್ಮನವಿ ಕೋರ್ಟು 1885ರ ಒಂದು ಕಾಯ್ದೆಯನ್ನು ಹಿಡಿದು ಬೇಟೆಗಾರರ ಪರ ತೀರ್ಪು ಕೊಟ್ಟಿತು. ಸಾರ್ವಜನಿಕ ನೆಲಕ್ಕೆ ಹೋಗುವುದನ್ನು ಖಾಸಗಿಯವರು ತಡೆಯಬಾರದು ಎಂಬ ಕಾಯ್ದೆ ಅದು. ಇಡೀ ಜಗಳ ನಿಂತಿರುವುದು ‘ದಾಟಿದರೋ, ಹೊಕ್ಕರೋ’ ಅನ್ನೋದರ ಮೇಲೆ. ಇದನ್ನು ಕನ್ನಡದಲ್ಲಿ ‘ಅತಿಕ್ರಮ ಪ್ರವೇಶದ ಆರೋಪ’ ಎಂದು ಬರೆದರೆ ಓದುಗರು ‘ಒಳಗೇ ಹೋಗಿಲ್ಲವಲ್ಲ’ ಎಂದು ಕೇಳುತ್ತಾರೆ.

ಮೂರನೆಯದು ಅನುಮತಿ. ಒಬ್ಬರು ನಡೆದಾಡಲು ಬಿಟ್ಟಿದ್ದಾರೆ, ಬೇಟೆಗಲ್ಲ. ಅಥವಾ ಸಂಜೆವರೆಗೆ ಬಿಟ್ಟಿದ್ದಾರೆ, ರಾತ್ರಿಗಲ್ಲ. ಬಂದವನ ಪ್ರವೇಶ ಸರಿಯಾಗಿಯೇ ಇತ್ತು. ಆಮೇಲೆ ಉಳಿದದ್ದು, ಕೋವಿ ಎತ್ತಿದ್ದು ತಪ್ಪು. ಇದೂ ಟ್ರೆಸ್‌ಪಾಸೇ. ಮೇಲೆ ಹೇಳಿದ ನಮ್ಮ 329ನೇ ಸೆಕ್ಷನ್‌ನಲ್ಲೂ ಸರಿಯಾಗಿ ಬಂದು, ಕೆಟ್ಟ ಉದ್ದೇಶದಿಂದ ಅಲ್ಲೇ ಉಳಿದವನು ಸೇರುತ್ತಾನೆ. ‘ಪ್ರವೇಶ’ದೊಳಗೆ ಇದು ಹಿಡಿಸುವುದಿಲ್ಲ.

ಹಾಗಾಗಿ ನನ್ನ ಮನಸ್ಸು ‘ಎಲ್ಲೆ ಮೀರು’ ಕಡೆಗೆ ವಾಲಿದೆ. ಬೇಟೆಗಾರ ಎಲ್ಲೆ ಮೀರಿದ. ನಾಯಿ ಎಲ್ಲೆ ಮೀರಿತು. ಗುಂಡು ಎಲ್ಲೆ ಮೀರಿ ಬಿತ್ತು. ಗಾಳಿಯಲ್ಲೇ ಎಲ್ಲೆ ಮೀರಿದರು. ಕೊಟ್ಟ ಅನುಮತಿಯ ಎಲ್ಲೆ ಮೀರಿದ. ಎಲ್ಲ ಕಡೆಯೂ ಕೂರುತ್ತದೆ. ‘ಎಲ್ಲೆಕಲ್ಲು’ ಇನ್ನೂ ಬಳಕೆಯಲ್ಲಿರುವುದರಿಂದ ನೆಲದ ಅರ್ಥವೂ ಪೂರ್ತಿ ಮಾಸಿಲ್ಲ. ಅದೂ ಅಲ್ಲದೆ ಟ್ರೆಸ್‌ಪಾಸ್ ಬಂದಿರುವುದು ಹಳೆಯ ಫ್ರೆಂಚಿನಿಂದ. ಅದರ ಬೇರಿನ ಅರ್ಥ ‘ದಾಟಿ ಹೋಗು’. ಇಂಗ್ಲಿಷಿನ ಹಳೆಯ ಪ್ರಾರ್ಥನೆಯಲ್ಲಿ ಅದೇ ಪದ ‘ತಪ್ಪು, ಪಾಪ’ ಅನ್ನೋ ಅರ್ಥದಲ್ಲಿದೆ. ದಾಟುವುದೂ ತಪ್ಪು ಮಾಡುವುದೂ ಒಂದೇ ಪದದಲ್ಲಿ. ಕನ್ನಡದ ‘ಮೀರು’ ಕೂಡ ಹಾಗೇ. ಹೊಳೆ ದಂಡೆ ಮೀರುತ್ತದೆ, ಮನುಷ್ಯ ಮಾತು ಮೀರುತ್ತಾನೆ. ಸಂಸ್ಕೃತದ ‘ಅತಿಕ್ರಮ’ದಲ್ಲೂ ಇದೇ ಚಿತ್ರ ಇದೆ, ಅದನ್ನು ಒಪ್ಪಲೇಬೇಕು. ‘ಕ್ರಮ’ ಅಂದರೆ ಹೆಜ್ಜೆ. ತ್ರಿವಿಕ್ರಮನ ಮೂರು ಹೆಜ್ಜೆ ನೆನಪಿಸಿಕೊಳ್ಳಿ. ‘ಅತಿಕ್ರಮ’ ಅಂದರೆ ಮೀರಿ ಇಟ್ಟ ಹೆಜ್ಜೆ. ಪದ ಒಳ್ಳೆಯದೇ. ಜತೆಗೆ ‘ಪ್ರವೇಶ’ ಸೇರಿ ಇಕ್ಕಟ್ಟಾಯಿತು, ಪತ್ರಿಕೆಯ ಬಳಕೆಯಲ್ಲಿ ‘ಕಬಳಿಕೆ’ ಆಗಿಹೋಯಿತು.

ಬೇರೆ ಪದಗಳನ್ನೂ ಹಾಕಿ ನೋಡಿದೆ. ‘ನುಗ್ಗು’ವಿನಲ್ಲಿ ಬಲವಂತ ಇದೆ, ಮೆಲ್ಲಗೆ ನಡೆದು ಬಂದವನಿಗೆ ಸಲ್ಲುವುದಿಲ್ಲ. ‘ಗಡಿ ದಾಟು’ ಅಂದರೆ ದೇಶದ ಗಡಿ ಕಣ್ಣಿಗೆ ಬರುತ್ತದೆ. ‘ಬೇಲಿ ಹಾರು’ವಿಗೆ ನಮ್ಮಲ್ಲಿ ಬೇರೆಯೇ ಅರ್ಥ ಇದೆ, ಅದು ಬೇಡ. ಬೇಲಿಯನ್ನು ಪದದೊಳಗೆ ತರುವುದೇ ತಪ್ಪಾದೀತು ಅನಿಸುತ್ತದೆ. ಬೇಲಿ ಇಲ್ಲದ ನೆಲಕ್ಕೂ ಎಲ್ಲೆ ಇರುತ್ತದೆ. ಕಾನೂನು ಬೇಲಿಗೆ ಬೆಲೆ ಕೊಡುವ ಜಾಗಗಳು ಇವೆ, ನಿಜ. ಅಮೆರಿಕದ ವರ್ಮಾಂಟ್‌ನ 1777ರ ಸಂವಿಧಾನ ಬೇಲಿ ಹಾಕದ ಜಮೀನುಗಳಲ್ಲಿ ಬೇಟೆಗೆ ಅವಕಾಶ ಕೊಟ್ಟಿತು. ಬೇಡ ಅನ್ನುವವರು ಬೋರ್ಡು ಹಾಕಿ ತಿಳಿಸಬೇಕು ಎಂಬ ರೂಢಿ ಆ ದೇಶದ ಹಲವು ಕಡೆ ಇದೆ.

ಅದರಿಂದ ನನಗೆ ಇನ್ನೊಂದು ಪದದ ಕಷ್ಟ ಎದುರಾಗಿದೆ. ಹೀಗೆ ತಿಳಿಸಿದ ಜಮೀನಿಗೆ ಅಲ್ಲಿ ‘ಪೋಸ್ಟೆಡ್ ಲ್ಯಾಂಡ್’ ಅನ್ನುತ್ತಾರೆ. ‘ಫಲಕ ಹಾಕಿದ ಜಮೀನು’ ಎಂದು ಬರೆದೆ. ಆದರೆ ಟೆಕ್ಸಸ್‌ನಂಥ ಕೆಲವು ರಾಜ್ಯಗಳಲ್ಲಿ ಫಲಕವೇ ಬೇಕಿಲ್ಲ. ಮರಕ್ಕೋ ಕಂಬಕ್ಕೋ ನೇರಳೆ ಬಣ್ಣ ಬಳಿದರೆ ಸಾಕು. ಟೆಕ್ಸಸ್ ಲೆಕ್ಕದಲ್ಲಿ ಗೆರೆ ಕನಿಷ್ಠ 8 ಇಂಚು ಉದ್ದ, 1 ಇಂಚು ಅಗಲ ಇರಬೇಕು, ನೆಲದಿಂದ 3ರಿಂದ 5 ಅಡಿ ಮೇಲಿರಬೇಕು. ಕಾಡು ಜಮೀನಿನಲ್ಲಿ 100 ಅಡಿಗೊಂದು, ಬಯಲಿನಲ್ಲಿ 1,000 ಅಡಿಗೊಂದು ಗೆರೆ. ಓದಲು ಬಾರದವರಿಗೂ ಕಾಣುತ್ತದೆ, ಯಾರೂ ಕಿತ್ತುಕೊಂಡು ಹೋಗಲಾರರು. ಹಾಗಾಗಿ ‘ಫಲಕ’ ಬಿಟ್ಟು ‘ತಡೆಗುರುತು ಇರುವ ಜಮೀನು’ ಎಂದು ಬದಲಾಯಿಸಿದ್ದೇನೆ. ಇದು ಸರಿ ಕಾಣುತ್ತದೆಯಾ?

ನನ್ನ ದೊಡ್ಡ ಅನುಮಾನ ಇರುವುದು ನಾಮಪದದಲ್ಲಿ. ‘ಎಲ್ಲೆ ಮೀರಿದ’ ಎಂದು ಕ್ರಿಯಾಪದದಲ್ಲಿ ಸಲೀಸಾಗಿ ಓಡುತ್ತದೆ. ‘ಎಲ್ಲೆಮೀರಿಕೆ’ ಎಂದು ಮಾಡಿದರೆ ಹೊಸದಾಗಿ ಹೊಲಿಸಿದ ಬಟ್ಟೆಯ ಹಾಗೆ ಸ್ವಲ್ಪ ಬಿಗಿ. ಅದೂ ಅಲ್ಲದೆ ‘ಅವನ ವರ್ತನೆ ಎಲ್ಲೆ ಮೀರಿತು’ ಎಂಬ ಬಳಕೆ ಈಗ ಎಷ್ಟು ಹರಡಿದೆ ಅಂದರೆ, ನೆಲದ ಸಂದರ್ಭ ಇಲ್ಲದ ಕಡೆ ಓದುಗರು ನಡತೆಯ ಮಾತು ಅಂದುಕೊಳ್ಳಬಹುದು. ಆ ಭಯಕ್ಕೆ ಮೊದಲ ಸಲ ‘ಜಮೀನಿನ ಎಲ್ಲೆಮೀರಿಕೆ’ ಎಂದು ಬರೆದು, ಆಮೇಲೆ ಬರೀ ‘ಎಲ್ಲೆಮೀರಿಕೆ’ ಎಂದಿದ್ದೇನೆ. ಸೆಕ್ಷನ್‌ಗಳನ್ನು ಉಲ್ಲೇಖಿಸುವ ಕಡೆ ಮಾತ್ರ ‘ಅತಿಕ್ರಮ ಪ್ರವೇಶ’ವನ್ನು ಹಾಗೇ ಉಳಿಸಿಕೊಂಡಿದ್ದೇನೆ. ಕೋರ್ಟಿನ ಪದವನ್ನು ನಾನು ಮುಟ್ಟಬಾರದು.

ಕೋರ್ಟು ಕಚೇರಿಯ ಕನ್ನಡ ಬಲ್ಲವರು, ಹಳೆಯ ಜಮೀನು ಪತ್ರಗಳನ್ನು ಓದಿದವರು ಇಲ್ಲಿದ್ದೀರಿ. ಕ್ರಯಪತ್ರದ ಚೆಕ್ಕುಬಂದಿಯ ಭಾಷೆಯಲ್ಲೋ, ಊರಿನ ಮಾತಿನಲ್ಲೋ ಇನ್ನೊಬ್ಬರ ನೆಲಕ್ಕೆ ಹೇಳದೆ ಕೇಳದೆ ಕಾಲಿಡುವುದಕ್ಕೆ ಒಂದೇ ಪದ ಇದೆಯೇ? ಕಬಳಿಕೆ ಅಲ್ಲ, ಕಳವೂ ಅಲ್ಲ, ಕಾಲಿಡುವುದು ಮಾತ್ರ. ಹಾಗೆ ಕಾಲಿಟ್ಟವನಿಗೆ ಏನನ್ನುತ್ತಾರೆ? ಗೊತ್ತಿದ್ದರೆ ದಯವಿಟ್ಟು ಆ ಪದ ಕೇಳಿದ ವಾಕ್ಯದ ಸಮೇತ ಬರೆಯಿರಿ.