ಸಹಾಯ ಬೇಕು: ಲೈಬೀರಿಯಾದಲ್ಲಿ ಡ್ಯೂಟಿ ಮಾಡಿದ ಮಹಿಳಾ ಪೊಲೀಸರು ಯಾರಾದರೂ ಪರಿಚಯ ಇದ್ದಾರಾ?

ಎಲ್ಲರಿಗೂ ನಮಸ್ಕಾರ. ಯುದ್ಧ ನಿಂತ ಮೇಲೆ ಶಾಂತಿ ಕಟ್ಟುವ ಕೆಲಸದಲ್ಲಿ ಹೆಂಗಸರ ಪಾತ್ರದ ಬಗ್ಗೆ ಎಂ.ಎ. ಪ್ರಬಂಧ ಬರೆಯುತ್ತಿದ್ದೇನೆ. ಆರಿಸಿಕೊಂಡ ದೇಶ ಪಶ್ಚಿಮ ಆಫ್ರಿಕಾದ ಲೈಬೀರಿಯಾ. 2003ರಲ್ಲಿ ಅಲ್ಲಿನ ಕ್ರೈಸ್ತ, ಮುಸ್ಲಿಂ ಹೆಂಗಸರು ಅಂತರ್ಯುದ್ಧ ನಿಲ್ಲಿಸಿ ಅಂತ ಬಿಳಿ ಬಟ್ಟೆ ತೊಟ್ಟು ರಾಜಧಾನಿ ಮನ್ರೋವಿಯಾದ ಮೀನು ಮಾರುಕಟ್ಟೆ ಹತ್ತಿರ ದಿನಗಟ್ಟಲೆ ಕೂತರು, ಆಮೇಲೆ ಘಾನಾದ ಅಕ್ರಾದಲ್ಲಿ ಶಾಂತಿ ಮಾತುಕತೆ ಸುಮ್ನೆ ಎಳೆಯುತ್ತಿದೆ ಅನ್ನಿಸಿದಾಗ ಚಳವಳಿಯ ಮುಂದಾಳು ಲೇಮಾ ಬೋವಿ ಜೊತೆ ಸಭಾಂಗಣದ ಬಾಗಿಲಿಗೇ ಅಡ್ಡ ಕೂತು ಒಳಗಿದ್ದವರನ್ನು ಹೊರಗೆ ಬಿಡಲಿಲ್ಲ. ಆಗಸ್ಟ್‌ನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಇದರ ಬಗ್ಗೆ ಓದಲು ಬೇಕಾದಷ್ಟಿದೆ.

ನನಗೆ ಕಷ್ಟವಾಗಿರುವುದು ಮುಂದಿನ ಭಾಗ. 2007ರಿಂದ 2016ರವರೆಗೆ ವಿಶ್ವಸಂಸ್ಥೆ ಪರವಾಗಿ ನಮ್ಮ ಸಿಆರ್‌ಪಿಎಫ್ ಮಹಿಳಾ ತುಕಡಿಗಳು ಸರದಿಯಲ್ಲಿ ಅಲ್ಲಿದ್ದವು. ಇವರನ್ನು ನೋಡಿ ಅಲ್ಲಿನ ಹುಡುಗಿಯರಿಗೆ ಪೊಲೀಸ್ ಕೆಲಸಕ್ಕೆ ಸೇರುವ ಧೈರ್ಯ ಬಂತು ಅಂತ ಜಾಸ್ತಿ ಬರೆದಿದ್ದಾರೆ. ನನಗೆ ಅಷ್ಟು ಸಾಲದು. ಊರಿನ ಹೆಂಗಸರ ಜೊತೆ ಮಾತಾಡಲು ನಿಜಕ್ಕೂ ಅವಕಾಶ ಸಿಗುತ್ತಿತ್ತಾ, ಇಲ್ಲಾ ಕಾವಲು, ಗಸ್ತು, ಕ್ಯಾಂಪ್ ಇಷ್ಟರಲ್ಲೇ ದಿನ ಮುಗಿಯುತ್ತಿತ್ತಾ? ಇಲ್ಲಿ ಮನೆಯಲ್ಲಿ ಮಕ್ಕಳನ್ನು ಯಾರು ನೋಡಿಕೊಂಡರು? (ಗಂಡಸರಿಗೆ ಈ ಪ್ರಶ್ನೆ ಯಾರೂ ಕೇಳಲ್ಲ, ಗೊತ್ತು. ಆದರೆ ನನ್ನ ವಿಷಯವೇ ಅದು ಅಲ್ವಾ.)

ಅಲ್ಲಿ ಇದ್ದು ಬಂದವರು ಪರಿಚಯದಲ್ಲಿದ್ದರೆ ದಯವಿಟ್ಟು ಮೆಸೇಜ್ ಮಾಡಿ. ಕನ್ನಡ, ಹಿಂದಿ ಯಾವುದಾದರೂ ಸರಿ. ಫೋನಿನಲ್ಲಿ ಅರ್ಧ ಗಂಟೆ ಮಾತಾಡಿದರೂ ಸಾಕು. ಹೆಸರು ಎಲ್ಲೂ ಹಾಕುವುದಿಲ್ಲ.