ಅಪ್‌ಡೇಟ್: ಅಮ್ಮನ ಕೆನ್ನೆಯ ಬಂಗು ತಿಳಿಯಾಗುತ್ತಿದೆ

ಅಮ್ಮನ ಎರಡೂ ಕೆನ್ನೆ ಮೇಲೆ ಬಂಗು ಬಂದಿದೆ, ಗಿಡದಿಂದ ಬರುವ ಔಷಧಿ ಏನಾದರೂ ಇದೆಯಾ ಅಂತ ಕೇಳಿದ್ದೆನಲ್ಲ, ಏನಾಯಿತು ಅಂತ ಹೇಳುತ್ತೇನೆ.

ಕೆಲಸ ಮಾಡಿದ್ದು ಅಜೆಲಾಯಿಕ್ ಆಸಿಡ್ ಕ್ರೀಮ್. ಹೇಳಿದವರಿಗೆ ತುಂಬಾ ಥ್ಯಾಂಕ್ಸ್. ಚಿಕ್ಕಮಗಳೂರಿನಲ್ಲಿ ಚರ್ಮದ ಡಾಕ್ಟರಿಗೆ ತೋರಿಸಿದಾಗ ಅವರೂ 20% ಇರುವ ಅದನ್ನೇ ಬರೆದುಕೊಟ್ಟರು. ಗೋಧಿ, ಬಾರ್ಲಿಯಲ್ಲೂ ಈ ಆಸಿಡ್ ಇರುತ್ತದೆ, ನನಗೆ ಗೊತ್ತೇ ಇರಲಿಲ್ಲ. ಮೊದಮೊದಲು ಸ್ವಲ್ಪ ಚುರುಚುರು ಅಂತಿತ್ತು, ಆಮೇಲೆ ಸರಿಹೋಯಿತು. ಬಣ್ಣ ಇಳಿಯಲು ಮಾತ್ರ ತಿಂಗಳುಗಟ್ಟಲೆ ಬೇಕು, ಆತುರ ಬೇಡ.

ಜ್ಯೇಷ್ಠಮಧು ಪುಡಿ ಹಾಲಿನಲ್ಲಿ ಕಲಸಿ ಹಚ್ಚಿದ್ದರಿಂದ ಏನೂ ವ್ಯತ್ಯಾಸ ಕಾಣಲಿಲ್ಲ. ಅದರ ಬೇರಿನಲ್ಲಿರುವ ಗ್ಲಾಬ್ರಿಡಿನ್ ಅನ್ನುವ ಅಂಶ, ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗಲು ಬೇಕಾದ ಟೈರೋಸಿನೇಸ್ ಅನ್ನುವ ಕಿಣ್ವವನ್ನು ತಡೆಯುತ್ತದೆ ಅನ್ನುವುದು ನಿಜ, ಆದರೆ ಮನೆಯಲ್ಲಿ ಕಲಸಿದ ಪುಡಿಯಿಂದ ಅದು ಚರ್ಮದೊಳಗೆ ಎಷ್ಟು ಇಳಿಯುತ್ತದೆ ಅನ್ನುವುದಕ್ಕೆ ಲೆಕ್ಕವೇ ಇಲ್ಲ. ನಿಂಬೆರಸವನ್ನಂತೂ ಹಚ್ಚಲೇಬೇಡಿ. ಅದು ತಾಗಿದ ಜಾಗಕ್ಕೆ ಬಿಸಿಲು ಬಿದ್ದರೆ ಸುಟ್ಟು ಇನ್ನೂ ಕಪ್ಪಾಗಬಹುದು.

ಡಾಕ್ಟರ್ ಹೇಳಿದ ಇನ್ನೊಂದು ವಿಷಯ ಆಶ್ಚರ್ಯ ಆಯಿತು. ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಯುವಿ ಕಿರಣ ಮಾತ್ರ ಅಲ್ಲ, ಕಣ್ಣಿಗೆ ಕಾಣುವ ಬೆಳಕೂ ಬಂಗು ಜಾಸ್ತಿ ಮಾಡುತ್ತದೆ. ಬಿಳಿ ಸನ್‌ಸ್ಕ್ರೀನ್ ಅದನ್ನು ಅಷ್ಟಾಗಿ ತಡೆಯುವುದಿಲ್ಲ, ಐರನ್ ಆಕ್ಸೈಡ್ ಸೇರಿಸಿದ ಮೈಬಣ್ಣದ್ದು ಬೇಕು. ಕಾಫಿ ಒಣಗಿಸುವ ಕಣದಲ್ಲಿ ನೆರಳೇ ಇಲ್ಲ ಅಲ್ವಾ, ಹಾಗಾಗಿ ಅಮ್ಮ ಈಗ ಅದನ್ನು ಹಚ್ಚಿಕೊಂಡು, ಅಗಲ ಅಂಚಿನ ಟೋಪಿ ಹಾಕಿಕೊಂಡೇ ಹೋಗುವುದು. ಹೀಗೆ ಬಿಸಿಲು ತಡೆಯುವುದನ್ನು ನಿಲ್ಲಿಸಿದರೆ ಯಾವ ಕ್ರೀಮ್ ಹಚ್ಚಿದರೂ ಬಂಗು ಮತ್ತೆ ಬರುತ್ತದೆ.

ಚೀಟಿ ಇಲ್ಲದೆ ಸಿಗುವ ಸ್ಟೀರಾಯ್ಡ್ ಬೆರೆಸಿದ ಕ್ರೀಮ್ ಮಾತ್ರ ಯಾರೂ ಸುಮ್ನೆ ತಂದು ಹಚ್ಚಬೇಡಿ, ಚರ್ಮ ತೆಳುವಾಗುತ್ತದೆ.