ಗ್ರಂಥಪಾಲಕರನ್ನು ಕೇಳಿ: ತಿಂಗಳ ಚಂದಾ ಕಟ್ಟಿ ಇ-ಪುಸ್ತಕ ಓದಿದರೆ ಗಿಟ್ಟುತ್ತದಾ?

ಪ್ರಶ್ನೆ (ಹುಬ್ಬಳ್ಳಿಯಿಂದ):
ಮೇಡಂ, ನಮಸ್ಕಾರ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ದಿನಾ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಎರಡೂ ಹೊತ್ತು ಸೇರಿ ಒಂದೂವರೆ ತಾಸು ಸಿಗುತ್ತದೆ. ಮೊದಲು ಸುಮ್ನೆ ರೀಲ್ಸ್ ನೋಡುತ್ತಾ ಕೂರುತ್ತಿದ್ದೆ. ನಾಲ್ಕು ತಿಂಗಳಿಂದ ಅದೇ ಫೋನಿನಲ್ಲಿ ಪುಸ್ತಕ ಓದುವ ಅಭ್ಯಾಸ ಹತ್ತಿದೆ. ಅಮೆಜಾನ್‌ನವರ ಇ-ಪುಸ್ತಕ ಚಂದಾ ಕಿಂಡಲ್ ಅನ್‌ಲಿಮಿಟೆಡ್ ತಿಂಗಳಿಗೆ ₹169 ಅಂತ ತೋರಿಸುತ್ತಿದೆ, ಲಕ್ಷಗಟ್ಟಲೆ ಪುಸ್ತಕ ಇವೆಯಂತೆ. ಇಂಗ್ಲಿಷ್ ಪತ್ತೇದಾರಿ ಕಾದಂಬರಿ ಜಾಸ್ತಿ ಓದುತ್ತೇನೆ. ಕನ್ನಡವೂ ಬೇಕು. ತಗೊಳ್ಳಲಾ, ಬೇಡವಾ? ಮನೆಯಲ್ಲಿ ಸಿನಿಮಾ, ಹಾಡು ಅಂತ ಈಗಾಗಲೇ ಮೂರು ಚಂದಾ ಹೋಗುತ್ತಿವೆ.

ಉತ್ತರ (ಗ್ರಂಥಪಾಲಕಿ):
ನಮಸ್ಕಾರ ಸರ್. ಬಸ್ಸಿನಲ್ಲಿ ಓದುವ ಅಭ್ಯಾಸ ಹತ್ತಿದೆ ಅಂದಿರಲ್ಲ, ಅದನ್ನು ಓದಿ ನಿಜಕ್ಕೂ ಖುಷಿಯಾಯಿತು.

ನಾನು 22 ವರ್ಷದಿಂದ ಕಾಲೇಜು ಗ್ರಂಥಾಲಯದಲ್ಲಿ ಇದ್ದೇನೆ. ಯಾವ ಚಂದಾ ಮುಂದುವರಿಸಬೇಕು, ಯಾವುದನ್ನು ನಿಲ್ಲಿಸಬೇಕು ಅಂತ ವರ್ಷಾ ವರ್ಷಾ ಕೂತು ಲೆಕ್ಕ ಹಾಕುವುದು ನನ್ನ ಕೆಲಸ. ಅಲ್ಲಿ ನಾವು ‘ಎಷ್ಟು ಪುಸ್ತಕ ಇವೆ’ ಅಂತ ಕೇಳುವುದಿಲ್ಲ. ‘ನಮ್ಮವರು ಎಷ್ಟು ಸಲ ತೆರೆದು ಓದಿದರು’ ಅಂತ ಕೇಳುತ್ತೇವೆ. ಕಟ್ಟಿದ ಹಣವನ್ನು ಅದರಿಂದ ಭಾಗಿಸಿದರೆ ಒಂದು ಓದಿಗೆ ಎಷ್ಟು ಬಿತ್ತು ಅಂತ ಗೊತ್ತಾಗುತ್ತದೆ. ಮನೆಗೂ ಇದೇ ಲೆಕ್ಕ ಸಾಕು. ಲಕ್ಷ ಪುಸ್ತಕ ಇದ್ದರೂ ನೀವು ತಿಂಗಳಿಗೆ ಓದುವುದು ಎರಡು, ಹೆಚ್ಚೆಂದರೆ ಮೂರು. ಆ ಎರಡು ಅಲ್ಲಿ ಇವೆಯಾ ಅನ್ನುವುದೊಂದೇ ಮುಖ್ಯ.

₹169ರಂತೆ ವರ್ಷಕ್ಕೆ ₹2,028 ಆಯಿತು. ಆ ದುಡ್ಡಿಗೆ ಸುಮಾರು ಹತ್ತು ಕನ್ನಡ ಪುಸ್ತಕ ಅಚ್ಚಿನಲ್ಲೇ ಕೊಂಡು ಕಪಾಟಿನಲ್ಲಿ ಇಟ್ಟುಕೊಳ್ಳಬಹುದು. ಹಾಗಾಗಿ ಹಣ ಕಟ್ಟುವ ಮೊದಲು ಒಂದು ಹಾಳೆ ತಗೊಳ್ಳಿ. ಮುಂದೆ ಓದಬೇಕು ಅಂತ ನಿಜವಾಗಿ ಮನಸ್ಸಿರುವ 12 ಪುಸ್ತಕದ ಹೆಸರು ಬರೆಯಿರಿ. ಯಾರೋ ಹೊಗಳಿದರು ಅಂತ ಬರೆಯಬೇಡಿ. ನಾಳೆ ಬಸ್ಸಿನಲ್ಲಿ ತೆರೆಯುವಂಥದ್ದು ಮಾತ್ರ ಬರೆಯಿರಿ. ಆಮೇಲೆ ಒಂದೊಂದನ್ನೂ ಅಮೆಜಾನ್‌ನಲ್ಲಿ ಹುಡುಕಿ. ‘ಕಿಂಡಲ್ ಅನ್‌ಲಿಮಿಟೆಡ್’ ಅನ್ನುವ ಗುರುತು ಇದ್ದರೆ ಪಕ್ಕದಲ್ಲಿ ಒಂದು ಸರಿ ಗುರುತು ಹಾಕಿ. ಅದನ್ನು ಬಿಡಿಯಾಗಿ ಕೊಂಡರೆ ಬೆಲೆ ಎಷ್ಟು ಅಂತಲೂ ಬರೆದುಕೊಳ್ಳಿ. ಇದಕ್ಕೆ ಚಂದಾ ಬೇಕಿಲ್ಲ. ಅರ್ಧ ತಾಸಿನ ಕೆಲಸ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇಜಾರಾಗಬಾರದು. ದೊಡ್ಡ ಪ್ರಕಾಶಕರ ಹೊಸ ಪುಸ್ತಕಗಳು ಅಲ್ಲಿ ಹೆಚ್ಚಾಗಿ ಇರುವುದಿಲ್ಲ. ಬರಹಗಾರರು ತಾವೇ ಪ್ರಕಟಿಸಿದ ಪುಸ್ತಕಗಳೇ ಜಾಸ್ತಿ. ಪತ್ತೇದಾರಿ, ಪ್ರೇಮಕಥೆ, ವೈಜ್ಞಾನಿಕ ಕಾದಂಬರಿ, ಇಂಥವುಗಳ ಉದ್ದುದ್ದ ಸರಣಿಗಳು ಅಲ್ಲಿ ತುಂಬಿವೆ. ಹಾಗಾಗಿ ನಿಮ್ಮ ಅಭಿರುಚಿಗೆ ಸ್ವಲ್ಪ ಅನುಕೂಲವೇ ಆಗಬಹುದು. ಪಟ್ಟಿ ಮಾಡಿ ತಿಳಿಸಿ.

ಪ್ರಶ್ನೆ (ಸಾಗರದಿಂದ):
ನನ್ನ ತಂದೆಗೆ 71 ವರ್ಷ. ಕನ್ನಡ ಬಿಟ್ಟು ಬೇರೆ ಓದುವುದಿಲ್ಲ. ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು ಅಂತ ಟ್ಯಾಬ್ ಕೊಡಿಸಿದ್ದೇನೆ. ಅವರಿಗೂ ಇದೇ ಚಂದಾ ಆಗುತ್ತಾ ಮೇಡಂ?

ಉತ್ತರ:
ಕನ್ನಡಕ್ಕೋಸ್ಕರ ಅಂತಾದರೆ ಬೇಡಮ್ಮ. 2016ರ ಡಿಸೆಂಬರ್‌ನಲ್ಲಿ ಕಿಂಡಲ್ ನಮ್ಮ ದೇಶದ ಭಾಷೆಗಳಿಗೆ ಬಾಗಿಲು ತೆರೆಯಿತು. ಆಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಒಳಗೆ ಹೋದವು, ಕನ್ನಡ ಹೊರಗೇ ಉಳಿಯಿತು. ಅಲ್ಲಿ ಕನ್ನಡದ ಕಪಾಟು ತೆಳುವಾಗಿರುವುದಕ್ಕೆ ಅದೂ ಒಂದು ಕಾರಣ. ನನಗೆ ಇವತ್ತಿಗೂ ಇದರ ಬಗ್ಗೆ ನೋವಿದೆ.

ಅಪ್ಪನಿಗೆ ಕನ್ನಡ ಇ-ಪುಸ್ತಕ ಬಿಡಿಯಾಗಿ ಕೊಂಡು ಕೊಡಿ. ಮೈಲ್ಯಾಂಗ್ ಅನ್ನುವ ಕನ್ನಡ ಪುಸ್ತಕಗಳ ಆ್ಯಪ್‌ನಲ್ಲಿ ಇ-ಪುಸ್ತಕವೂ ಇವೆ, ಕೇಳುವ ಪುಸ್ತಕವೂ ಇವೆ. ಕಣ್ಣಿಗೆ ಆಯಾಸ ಆದಾಗ ಕೇಳಿಸಿಕೊಳ್ಳಲಿ. ಗೂಗಲ್ ಪ್ಲೇ ಬುಕ್ಸ್‌ನಲ್ಲೂ ಕನ್ನಡ ಸಿಗುತ್ತದೆ. ಕೊಳ್ಳುವ ಮುಂಚೆ ಉಚಿತವಾಗಿ ಕೊಡುವ ಮೊದಲ ಪುಟಗಳನ್ನು ಅವರ ಟ್ಯಾಬಿನಲ್ಲೇ ತೆರೆದು ನೋಡಿ. ಕೆಲವು ಇ-ಪುಸ್ತಕ ಅನ್ನುವುದು ಬರೀ ಪುಟದ ಫೋಟೊ ಆಗಿರುತ್ತದೆ. ಅಲ್ಲಿ ಅಕ್ಷರ ದೊಡ್ಡದು ಮಾಡಿದರೆ ಸಾಲು ಪರದೆಯಿಂದ ಆಚೆ ಹೋಗುತ್ತದೆ. ಪ್ರತಿ ಸಾಲಿಗೂ ಬೆರಳಿನಿಂದ ಪುಟವನ್ನು ಎಡಕ್ಕೆ ಬಲಕ್ಕೆ ಎಳೆಯಬೇಕು. ಹತ್ತು ಪುಟಕ್ಕೆ ಹಿರಿಯರು ಟ್ಯಾಬ್ ಕೆಳಗಿಡುತ್ತಾರೆ. ಅಕ್ಷರ ದೊಡ್ಡದಾದಾಗ ಸಾಲು ತಾನಾಗೇ ಮುರಿದು ಕೆಳಗೆ ಬರಬೇಕು. ಅಂಥದ್ದನ್ನೇ ಕೊಳ್ಳಿ.

ಹಳೆಯ ಪುಸ್ತಕ ಇಷ್ಟಪಡುತ್ತಾರಾ? ನಮ್ಮ ದೇಶದಲ್ಲಿ ಬರೆದವರು ತೀರಿಕೊಂಡು 60 ವರ್ಷ ಕಳೆದ ಮೇಲೆ ಹಕ್ಕುಸ್ವಾಮ್ಯ ಮುಗಿಯುತ್ತದೆ. ಮುದ್ದಣ ತೀರಿಕೊಂಡದ್ದು 1901ರಲ್ಲಿ. ಅಂಥವರ ಬರಹಕ್ಕೆ ಯಾರಿಗೂ ಚಂದಾ ಕಟ್ಟಬೇಕಾಗಿಲ್ಲ. ಕನ್ನಡ ವಿಕಿಸೋರ್ಸ್, ಇಂಟರ್ನೆಟ್ ಆರ್ಕೈವ್ ಅನ್ನುವ ಎರಡೂ ಉಚಿತ ಜಾಲತಾಣ ನೋಡಿ. ಆರ್ಕೈವ್‌ನಲ್ಲಿ ಇರುವುದು ಹೆಚ್ಚಾಗಿ ಸ್ಕ್ಯಾನ್ ಪ್ರತಿ, ಅಲ್ಲಿ ಮೇಲೆ ಹೇಳಿದ ತೊಂದರೆ ಇದ್ದೇ ಇರುತ್ತದೆ.

ಪ್ರಶ್ನೆ (ತುಮಕೂರಿನಿಂದ):
ಮಗಳಿಗೆ 7, ಮಗನಿಗೆ 10. ಇಬ್ಬರಿಗೂ ಕಥೆ ಪುಸ್ತಕ ಎಷ್ಟು ತಂದರೂ ಸಾಲುತ್ತಿಲ್ಲ. ಮಕ್ಕಳಿಗೆ ಅಂತ ಚಂದಾ ತಗೊಂಡರೆ ಹೇಗೆ ಅಕ್ಕಾ?

ಉತ್ತರ:
ಮೊದಲು ಸ್ಟೋರಿವೀವರ್ ಅನ್ನುವ ಮಕ್ಕಳ ಕಥೆಗಳ ಜಾಲತಾಣ ನೋಡಿ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ್ದು. ಪೂರ್ತಿ ಉಚಿತ. ಕನ್ನಡದಲ್ಲೂ ಇವೆ, ಬಣ್ಣದ ಚಿತ್ರ ಇವೆ, ಓದುವ ಮಟ್ಟದ ಪ್ರಕಾರ ಬೇರೆ ಬೇರೆ ಮಾಡಿಟ್ಟಿದ್ದಾರೆ. ಮಗಳಿಗೆ ಎರಡನೇ ಮಟ್ಟದಿಂದ ಶುರು ಮಾಡಿಸಿ. ಇದು ಮುಗಿಯುವ ತನಕ ಚಂದಾ ಬಗ್ಗೆ ಯೋಚನೆಯೇ ಬೇಡ.

ಪ್ರಶ್ನೆ (ಬೆಂಗಳೂರಿನಿಂದ):
ಇಷ್ಟು ಕಡಿಮೆ ದುಡ್ಡಿಗೆ ಎಲ್ಲಾ ಕೊಟ್ಟರೆ ಅವರಿಗೆ ಏನು ಉಳಿಯುತ್ತದೆ ಮೇಡಂ? ಬರೆದವರಿಗೆ ಏನಾದರೂ ಸಿಗುತ್ತದಾ? ನಾನೂ ಸ್ವಲ್ಪ ಬರೆಯುತ್ತೇನೆ, ಅದಕ್ಕೆ ಕೇಳಿದೆ.

ಉತ್ತರ:
ಒಳ್ಳೆಯ ಪ್ರಶ್ನೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೆಸ್ಸಿನಲ್ಲಿ ತಿಂಗಳ ಊಟಕ್ಕೆ ಒಟ್ಟಿಗೆ ದುಡ್ಡು ಕಟ್ಟುತ್ತೇವಲ್ಲ, ಹಾಗೇ ಇದು. ನಾಲ್ಕು ದಿನ ಊರಿಗೆ ಹೋದವರ ದುಡ್ಡು ಮೆಸ್ಸಿನವರಿಗೆ ಉಳಿಯುತ್ತದೆ. ಎರಡೂ ಹೊತ್ತು ಹೊಟ್ಟೆ ತುಂಬಾ ತಿನ್ನುವವರಿಂದ ಅವರಿಗೆ ನಷ್ಟ. ಅಮೆರಿಕದಲ್ಲಿ ಆಯ್ಸ್ಟರ್ ಅನ್ನುವ ಕಂಪನಿ 2013ರಲ್ಲಿ ಇಂಥದ್ದೇ ಸೇವೆ ಶುರು ಮಾಡಿತು. 2015ರಲ್ಲೇ ಮುಚ್ಚುತ್ತೇವೆ ಅಂತ ಹೇಳಿತು. ಅದೇ ವರ್ಷ ಸ್ಕ್ರಿಬ್ಡ್ ಅನ್ನುವ ಇನ್ನೊಂದು ಚಂದಾ ಸೇವೆ ತನ್ನ ಸಂಗ್ರಹದಿಂದ ಎಷ್ಟೋ ಪ್ರೇಮಕಥೆಗಳನ್ನು ತೆಗೆದುಹಾಕಿತು. ಯಾಕೆ ಗೊತ್ತಾ? ಅವುಗಳನ್ನು ಓದುವವರು ಒಂದರ ಹಿಂದೆ ಒಂದು ಓದಿ ಮುಗಿಸುತ್ತಿದ್ದರು. ಪ್ರತಿ ಓದಿಗೂ ಪ್ರಕಾಶಕರಿಗೆ ಹಣ ಕೊಡಬೇಕಾಗಿತ್ತು, ಚಂದಾ ದುಡ್ಡು ಅದಕ್ಕೆ ಸಾಲಲಿಲ್ಲ. ಹೆಚ್ಚು ಓದಿದವರಿಗೇ ಪುಸ್ತಕ ಕಡಿಮೆಯಾಯಿತು. ಹಾಗಾಗಿ ಇವತ್ತು ಚಂದಾದಲ್ಲಿ ಇರುವ ಪುಸ್ತಕ ಮುಂದಿನ ವರ್ಷವೂ ಇರುತ್ತದೆ ಅಂತ ನಂಬಿ ಕೂರಬೇಡಿ.

ಬರಹಗಾರರ ವಿಚಾರಕ್ಕೆ ಬಂದರೆ, ಕಿಂಡಲ್ ಅನ್‌ಲಿಮಿಟೆಡ್ 2015ರ ಜುಲೈನಿಂದ ಓದಿದ ಪುಟದ ಲೆಕ್ಕದಲ್ಲಿ ಹಣ ಕೊಡುತ್ತದೆ. ತಿಂಗಳಿಗೆ ಇಷ್ಟು ಅಂತ ಒಂದು ಗಂಟು ಎತ್ತಿಡುತ್ತಾರೆ. ಆ ತಿಂಗಳು ಓದುಗರು ಒಟ್ಟು ಎಷ್ಟು ಪುಟ ಓದಿದರೋ ಅದಕ್ಕೆ ಹಂಚುತ್ತಾರೆ. ಓದುಗರು ಇಪ್ಪತ್ತು ಪುಟಕ್ಕೆ ನಿಲ್ಲಿಸಿದರೆ ಇಪ್ಪತ್ತು ಪುಟದ ದುಡ್ಡು. ಇನ್ನೊಂದು ಷರತ್ತು ಇದೆ. ಸ್ವಂತ ಪ್ರಕಟಿಸುವವರು ಇದಕ್ಕೆ ಸೇರಿದರೆ 90 ದಿನ ಆ ಇ-ಪುಸ್ತಕವನ್ನು ಬೇರೆ ಎಲ್ಲೂ ಮಾರುವಂತಿಲ್ಲ. ಅಚ್ಚಿನ ಪುಸ್ತಕ ಮಾರಬಹುದು. ಸೇರುವ ಮುಂಚೆ ಇದನ್ನು ಯೋಚಿಸಿ.

ಪ್ರಶ್ನೆ (ನ್ಯೂಜೆರ್ಸಿಯಿಂದ):
ಇಲ್ಲಿ ಕಿಂಡಲ್ ಅನ್‌ಲಿಮಿಟೆಡ್‌ಗೆ ತಿಂಗಳಿಗೆ 12 ಡಾಲರ್ ಹತ್ತಿರ ಹೋಗುತ್ತಿದೆ. ಮುಂದುವರಿಸಬೇಕಾ?

ಉತ್ತರ:
ನಿಮ್ಮ ಊರಿನ ಗ್ರಂಥಾಲಯದ ಕಾರ್ಡ್ ಮಾಡಿಸಿದ್ದೀರಾ? ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ಲಿಬ್ಬಿ ಆ್ಯಪ್‌ಗೆ ಕಾರ್ಡಿನ ನಂಬರ್ ಹಾಕಿದರೆ ಇ-ಪುಸ್ತಕ ಎರವಲು ಸಿಗುತ್ತದೆ. ದೊಡ್ಡ ಪ್ರಕಾಶಕರ ಹೊಸ ಪುಸ್ತಕವೂ ಅಲ್ಲಿ ಇರುತ್ತವೆ. ಸರದಿಯಲ್ಲಿ ಕಾಯಬೇಕು ಅಷ್ಟೇ. ಅಮೆರಿಕದಲ್ಲಿ ಇದ್ದುಕೊಂಡು ಇದನ್ನು ಬಳಸದೆ ಚಂದಾ ಕಟ್ಟುವುದು ನನಗೆ ಸರಿ ಕಾಣುವುದಿಲ್ಲ.

ನಮ್ಮ ಕಡೆಯವರಿಗೂ ಇದೇ ಮಾತು. ಕರ್ನಾಟಕದಲ್ಲಿ ಮನೆ ಕಂದಾಯದ ಜೊತೆ 6% ಗ್ರಂಥಾಲಯ ಕರ ಕಟ್ಟುತ್ತೇವೆ. ರಸೀದಿ ತೆಗೆದು ನೋಡಿ. ಅಂದರೆ ಒಂದು ಗ್ರಂಥಾಲಯಕ್ಕೆ ಆಗಲೇ ಚಂದಾ ಕಟ್ಟಿದ ಹಾಗೇ ಅಲ್ವಾ? ಸಾರ್ವಜನಿಕ ಗ್ರಂಥಾಲಯ ಇಲಾಖೆ 2020ರಲ್ಲಿ ಡಿಜಿಟಲ್ ಗ್ರಂಥಾಲಯವನ್ನೂ ಶುರು ಮಾಡಿದೆ. ಇ-ಸಾರ್ವಜನಿಕ ಗ್ರಂಥಾಲಯ ಅಂತ ಹುಡುಕಿ, ನೋಂದಣಿಗೆ ದುಡ್ಡಿಲ್ಲ. ಓದುವ ಮಕ್ಕಳಿಗೆ ಅಲ್ಲಿ ಪಠ್ಯಕ್ಕೆ ಬೇಕಾದದ್ದು ಸಾಕಷ್ಟು ಇದೆ. ಕಥೆ ಕಾದಂಬರಿಗೆ ಮಾತ್ರ ನಾನು ಇವತ್ತಿಗೂ ಶಾಖಾ ಗ್ರಂಥಾಲಯಕ್ಕೆ ನಡೆದುಕೊಂಡೇ ಹೋಗುತ್ತೇನೆ.

ಪ್ರಶ್ನೆ (ಮಂಗಳೂರಿನಿಂದ):
ನನ್ನ ಹತ್ತಿರ ಅಮೆಜಾನ್ ಪ್ರೈಮ್ ಇದೆ. ಅದರಲ್ಲೇ ಪುಸ್ತಕ ಸಿಗುತ್ತವೆ ಅನ್ನುತ್ತಾರಲ್ಲ, ಎರಡೂ ಒಂದೇನಾ?

ಉತ್ತರ:
ಅಲ್ಲ. ಪ್ರೈಮ್ ಜೊತೆ ಬರುವುದು ಪ್ರೈಮ್ ರೀಡಿಂಗ್. ಅದು ಚಿಕ್ಕ ಸಂಗ್ರಹ, ಪುಸ್ತಕಗಳು ಆಗಾಗ ಬದಲಾಗುತ್ತಿರುತ್ತವೆ. ಅನ್‌ಲಿಮಿಟೆಡ್‌ಗೆ ಬೇರೆ ದುಡ್ಡು. ಪ್ರೈಮ್ ಹೇಗೂ ಇದ್ದರೆ ಮೊದಲು ಅದರಲ್ಲಿರುವುದನ್ನು ಓದಿ ಮುಗಿಸಿ.

ಪ್ರಶ್ನೆ (ಹುಬ್ಬಳ್ಳಿಯಿಂದ, ಮತ್ತೆ):
ಮೇಡಂ, ಪಟ್ಟಿ ಮಾಡಿದೆ. 12ರಲ್ಲಿ 8 ಇಂಗ್ಲಿಷ್, 4 ಕನ್ನಡ. ಇಂಗ್ಲಿಷ್‌ನಲ್ಲಿ 5 ಅನ್‌ಲಿಮಿಟೆಡ್‌ನಲ್ಲಿ ಇವೆ. ಅದರಲ್ಲಿ 4 ಒಂದೇ ಪತ್ತೇದಾರಿ ಸರಣಿಯವು. ಐದನ್ನೂ ಬಿಡಿಯಾಗಿ ಕೊಂಡರೆ ಒಟ್ಟು ₹745 ಆಗುತ್ತದೆ. ಕನ್ನಡದ್ದು ಒಂದೂ ಇಲ್ಲ. ಅದರಲ್ಲಿ ಎರಡು ಮೈಲ್ಯಾಂಗ್‌ನಲ್ಲಿ ಸಿಕ್ಕವು. ತಿಂಗಳಿಗೆ ಎರಡು ಪುಸ್ತಕ ಓದುತ್ತೇನೆ ಅಂತ ಇಟ್ಟುಕೊಳ್ಳಿ.

ಉತ್ತರ:
ಎಷ್ಟು ಚೆನ್ನಾಗಿ ಲೆಕ್ಕ ಮಾಡಿದ್ದೀರಿ! ಈಗ ಉತ್ತರ ಸುಲಭ.

ಐದು ಪುಸ್ತಕಕ್ಕೆ ನಿಮಗೆ ಮೂರು ತಿಂಗಳು ಬೇಕು. ಮೂರು ತಿಂಗಳ ಚಂದಾ ₹507. ಅಂದರೆ ಪುಸ್ತಕಕ್ಕೆ ನೂರು ರೂಪಾಯಿಯ ಆಸುಪಾಸು. ಕೊಂಡರೆ ₹149 ಬೀಳುತ್ತದೆ. ಹೊಸಬರಿಗೆ ಸಾಮಾನ್ಯವಾಗಿ ಮೊದಲ 30 ದಿನ ಉಚಿತ ಕೊಡುತ್ತಾರೆ. ಅದು ಸಿಕ್ಕರೆ ₹338ಕ್ಕೆ ಮುಗಿಯುತ್ತದೆ. ಪತ್ತೇದಾರಿ ಸರಣಿಯನ್ನು ಎರಡನೇ ಸಲ ಓದುವವರು ಕಡಿಮೆ, ಸ್ವಂತಕ್ಕೆ ಇಟ್ಟುಕೊಳ್ಳಬೇಕು ಅಂತ ನಿಮಗೂ ಅನಿಸಲಿಕ್ಕಿಲ್ಲ. ಹಾಗಾಗಿ ತಗೊಳ್ಳಿ. ಆದರೆ ಮೂರೇ ತಿಂಗಳು. ಐದು ಮುಗಿದ ದಿನ ನಿಲ್ಲಿಸಿ. ಮತ್ತೆ ಐದಾರು ಪುಸ್ತಕ ಕೂಡಿದಾಗ ಮತ್ತೆ ಶುರು ಮಾಡಿ. ವರ್ಷಪೂರ್ತಿ ಕಟ್ಟಲೇಬೇಕು ಅಂತ ಏನೂ ಇಲ್ಲ.

ನಿಲ್ಲಿಸುವ ವಿಷಯದಲ್ಲಿ ನನ್ನದೇ ಒಂದು ಅನುಭವ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಕೇಳುವ ಪುಸ್ತಕದ ಒಂದು ಸೇವೆಗೆ ಸೇರಿದ್ದೆ. ಅಮ್ಮನ ಆಸ್ಪತ್ರೆ ಓಡಾಟ ಶುರುವಾಯಿತು, ಅದನ್ನು ತೆರೆಯುವುದನ್ನೇ ಬಿಟ್ಟೆ. ಒಂದು ದಿನ ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಬಂದು ಊಟದ ಮೇಜಿನ ಮೇಲೆ ಬಿಡಿಸಿದೆ. ಒಂದೇ ಹೆಸರು, ಒಂದೇ ಮೊತ್ತ. ಪೆನ್ಸಿಲಿನಿಂದ ಗುರುತು ಹಾಕುತ್ತಾ ಹೋದೆ, ಹನ್ನೊಂದು ಗೀಟು ಆಯಿತು. ಹನ್ನೊಂದು ತಿಂಗಳಲ್ಲಿ ಒಂದೇ ಒಂದು ಪುಸ್ತಕ ಕೇಳಿರಲಿಲ್ಲ. ನಿಲ್ಲಿಸಲು ಹೋದರೆ ಆ ಆ್ಯಪ್‌ನಲ್ಲಿ ರದ್ದು ಮಾಡುವ ಜಾಗವೇ ಸಿಗಲಿಲ್ಲ. ಕೊನೆಗೆ ಬ್ಯಾಂಕಿಗೇ ಹೋಗಿ ನಿಲ್ಲಿಸಿದೆ. ಆ ದುಡ್ಡಿಗೆ ಅಮ್ಮನಿಗೆ ಇಷ್ಟವಾದ ಎಷ್ಟು ಪುಸ್ತಕ ಬರುತ್ತಿತ್ತು ಅಂತ ಈಗಲೂ ಅನಿಸುತ್ತದೆ.

ಈಗ ಸ್ವಲ್ಪ ಸುಲಭವಾಗಿದೆ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಇಂಥ ಹಣ ತಾನಾಗೇ ಕಡಿತ ಆಗುವ ಕನಿಷ್ಠ 24 ಗಂಟೆ ಮೊದಲು ನಿಮಗೆ ಸಂದೇಶ ಬರಬೇಕು. ನೀವು ಬ್ಯಾಂಕಿನವರು, ನಿಮಗೆ ಇದು ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಬೇರೆಯವರಿಗೆ ಹೇಳುತ್ತಿದ್ದೇನೆ: ಆ ಸಂದೇಶ ಅಳಿಸಬೇಡಿ. ಯುಪಿಐ ಮೂಲಕ ಕಟ್ಟಿದ್ದರೆ ನಿಮ್ಮ ಆ್ಯಪ್‌ನಲ್ಲಿ ಆಟೊಪೇ ಅನ್ನುವ ಕಡೆ ಎಲ್ಲಾ ಚಂದಾಗಳ ಪಟ್ಟಿ ಇರುತ್ತದೆ. ಅಲ್ಲೇ ನಿಲ್ಲಿಸಬಹುದು. ಉಚಿತ ತಿಂಗಳಿಗೆ ಸೇರಿದ ದಿನವೇ ಫೋನಿನಲ್ಲಿ 27ನೇ ದಿನಕ್ಕೆ ಅಲಾರಾಂ ಇಟ್ಟುಬಿಡಿ.

ಇನ್ನೆರಡು ಮಾತು. ಅನ್‌ಲಿಮಿಟೆಡ್‌ನಲ್ಲಿ ಒಮ್ಮೆಗೆ 20 ಪುಸ್ತಕ ಎರವಲು ಇಟ್ಟುಕೊಳ್ಳಬಹುದು. ದಯವಿಟ್ಟು 20 ತುಂಬಿಸಬೇಡಿ, ಎರಡೇ ಇಟ್ಟುಕೊಳ್ಳಿ. ತುಂಬಿದ ಪಟ್ಟಿ ನೋಡಿದರೆ ಯಾವುದನ್ನೂ ಓದಿ ಮುಗಿಸಲು ಮನಸ್ಸಾಗುವುದಿಲ್ಲ. ಗ್ರಂಥಾಲಯದಲ್ಲೂ ಒಟ್ಟಿಗೆ ಐದು ಪುಸ್ತಕ ಹೊತ್ತುಕೊಂಡು ಹೋದವರು ಹೆಚ್ಚಾಗಿ ನಾಲ್ಕನ್ನು ಓದದೆ ತಂದುಕೊಡುತ್ತಾರೆ. ಮತ್ತೆ, ಚಂದಾ ನಿಂತ ಮೇಲೆ ಆ ಪುಸ್ತಕ ತೆರೆಯುವುದಿಲ್ಲ. ಇಷ್ಟವಾದ ಸಾಲು ಇದ್ದರೆ ಡೈರಿಯಲ್ಲಿ ಬರೆದುಕೊಳ್ಳಿ.

ಕನ್ನಡದ ನಾಲ್ಕರಲ್ಲಿ ಮೈಲ್ಯಾಂಗ್‌ನ ಎರಡನ್ನು ಕೊಂಡುಬಿಡಿ. ಉಳಿದ ಎರಡರ ಹೆಸರು ನನಗೆ ಕಳಿಸಿ, ಅಚ್ಚಿನಲ್ಲಿ ಎಲ್ಲಿ ಸಿಗುತ್ತವೆ ಅಂತ ಹುಡುಕಿ ಹೇಳುತ್ತೇನೆ.

ಹುಬ್ಬಳ್ಳಿಯಿಂದ:
ತುಂಬಾ ಉಪಕಾರವಾಯಿತು ಮೇಡಂ. ಹಾಗಾದರೆ ಇವತ್ತೇ ಶುರು ಮಾಡಲಾ?

ಉತ್ತರ:
ಇದು ಮಾರ್ಚ್ ತಿಂಗಳು. ಬ್ಯಾಂಕಿನಲ್ಲಿ ವರ್ಷದ ಲೆಕ್ಕ ಮುಗಿಸುವ ಕೆಲಸ, ಬಸ್ಸು ಹತ್ತಿದ ತಕ್ಷಣ ನಿದ್ದೆ ಬರುತ್ತಿರಬೇಕು. ಉಚಿತ ತಿಂಗಳು ಅದರಲ್ಲೇ ಕಳೆದುಹೋಗುತ್ತದೆ. ಏಪ್ರಿಲ್ ಎರಡನೇ ವಾರ ಶುರು ಮಾಡಿ ಸರ್.